ಕೆಂಭಾವಿ ವಾಡೇದವರು

ನಾನು ಸಿಟ್ಟಿನ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನನ್ನ ಹೆಂಡತಿ ಗೊಲ್ಲಾಳಮ್ಮ ಊರ ತುಂಬ ಬೇರೆಯೇ ಹೇಳಿಕೊಂಡು ಬಂದಿದ್ದಾಳೆ. ಶಹಾಪುರದ ಬಜಾರಿನಲ್ಲಿ ನನ್ನದೊಂದು ಭಾಂಡೆ ಅಂಗಡಿ ಇದೆ. ಸ್ಟೀಲು, ಹಿತ್ತಾಳೆ, ತಾಮ್ರ, ಯಾವುದು ಬೇಕೋ ಆ ಪಾತ್ರೆ ಸಿಗುತ್ತದೆ. ಪಾತ್ರೆಯ ಮೇಲೆ ಹೆಸರು ಕೊರೆಯುವ ಮಷಿನ್ನೂ ಇದೆ. ಅದನ್ನು ನಾನೇ ಹಿಡಿಯುತ್ತೇನೆ, ಕೆಲಸದವರ ಕೈಗೆ ಕೊಡುವುದಿಲ್ಲ. ಈ ಊರಿನಲ್ಲಿ ಯಾರ ಮನೆಯ ಚರಿಗೆ ಎತ್ತಿ ತಿರುಗಿಸಿದರೂ ನನ್ನ ಅಕ್ಷರ ಕಾಣುತ್ತದೆ. ನಮ್ಮಪ್ಪ ಹುಟ್ಟಿದ್ದು ಇಲ್ಲೇ, ನಾನು ಹುಟ್ಟಿದ್ದು ಇಲ್ಲೇ, ನನ್ನ ಮಗಳು ಬಸವೇಶ್ವರಿ ಹುಟ್ಟಿದ್ದೂ ಇಲ್ಲೇ. ಇಂಥ ನನಗೆ, ಲಿಂಗಣ್ಣ ಕೆಂಭಾವಿಗೆ, ಹೊರಗಿನವನು ಅಂದರೆ ಏನಾಗಬೇಕು, ನೀವೇ ಹೇಳಿ.

ಅಂದವನು ಕಾಂತೇಶ. ನಮ್ಮ ಎದುರು ಮನೆಯವನು, ನನ್ನ ಜೊತೆ ಗೋಲಿ ಆಡಿದವನು. ಅವತ್ತು ನಮ್ಮ ಓಣಿಗೆ ಹೊಸ ನಳ ಬಂದಿತ್ತು. ಓಣಿಯವರೆಲ್ಲ ಸೇರಿದ್ದರು, ಅರಿಷಿಣ ಕುಂಕುಮ ಹಚ್ಚಿ ಆಗಿತ್ತು, ನಾನು ಕಾಯಿ ಎತ್ತಿ ಕಲ್ಲಿಗೆ ಗುರಿ ಹಿಡಿದಿದ್ದೆ. ಅವನು ಹಿಂದಿನಿಂದ ಬಂದು ನನ್ನ ಮೊಣಕೈ ಹಿಡಿದುಕೊಂಡ.

"ಲಿಂಗಣ್ಣಾರ, ಜರಾ ತಡೀರಿ. ಕಾಯಿ ಊರ ಮೂಲದವ್ರು ಒಡೀಬೇಕ್ರಿ. ನೀವು ಕೆಂಭಾವಿಯವ್ರು."

"ಏ ಕಾಂತೇಶ, ನಾ ಇಲ್ಲೇ ಹುಟ್ಟೀನಲ್ಲೋ!"

"ಹುಟ್ಟಿದ್ರ ಏನಾತ್ರಿ? ಎಲ್ಲಿಂದ ಬಂದೀರಂತ ಅಡ್ಡಹೆಸರೇ ಹೇಳ್ತದಲ್ಲ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಬೇಸರ ಮಾಡಿಕೊಳ್ಳಬಾರದಂತೆ! ಕೈಯಲ್ಲಿದ್ದ ಕಾಯಿ ಕಿತ್ತುಕೊಂಡು, ಓಣಿಯ ಹೆಣ್ಣುಮಕ್ಕಳ ಮುಂದೆ ನನ್ನನ್ನು ಬಸ್ಸಿನಿಂದ ಇಳಿದವನ ಹಾಗೆ ನಿಲ್ಲಿಸಿ, ಬೇಸರ ಮಾಡಿಕೊಳ್ಳಬೇಡ ಅನ್ನುತ್ತಾನೆ. ಅವನೇ ಕಾಯಿ ಒಡೆದ. ಒಳಗೆ ಕೊಳೆತಿತ್ತು. ಇದನ್ನು ನಾನು ಹೇಳುತ್ತಿಲ್ಲ, ಓಣಿಯೇ ಮೂಗು ಮುಚ್ಚಿಕೊಂಡು ನೋಡಿತು.

ಮನೆಗೆ ಬಂದವನೇ ಒಂದು ತೀರ್ಮಾನಕ್ಕೆ ಬಂದೆ. ಕೆಂಭಾವಿಯವನು ಅಂತೀರಾ? ಆಗಲಿ, ಕೆಂಭಾವಿಯವನೇ. ಆದರೆ ಎಂಥ ಕೆಂಭಾವಿಯವನು ಅಂತ ತೋರಿಸುತ್ತೇನೆ. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ ಮರಿಲಿಂಗಪ್ಪ, ಕೆಂಭಾವಿಯಿಂದ ಶಹಾಪುರಕ್ಕೆ ಬಂದವನು. ಸಾಯುವ ತನಕ ಒಂದೇ ಮಾತು ಹೇಳುತ್ತಿದ್ದ: ಆ ಊರಿಗೆ ಕಾಲಿಡಬೇಡಿ, ಆ ಊರ ನೀರು ಮುಟ್ಟಬೇಡಿ. ಬಸ್ಸು ಹತ್ತಿದರೆ ಒಂದು ತಾಸಿನ ದಾರಿ, ಆದರೂ ನಮ್ಮಲ್ಲಿ ಒಬ್ಬರೂ ಹೋಗಿರಲಿಲ್ಲ. ಇಂಥ ಮಾತನ್ನು ಸಣ್ಣ ಮನುಷ್ಯ ಆಡುತ್ತಾನೆಯೇ? ಏನೋ ದೊಡ್ಡದನ್ನು ಕಳೆದುಕೊಂಡವನೇ ಆಡಬೇಕು. ದೊಡ್ಡದು ಅಂದರೆ ವಾಡೆ, ಅರಮನೆಯಂಥ ಮನೆ. ವಾಡೆ ಅಂದಮೇಲೆ ಬಾಗಿಲಿಗೆ ಹಿತ್ತಾಳೆ ಮೊಳೆ, ಅಂಗಳದಲ್ಲಿ ಕುದುರೆ ಕಟ್ಟುವ ಕಲ್ಲು ಇರಲೇಬೇಕು. ಇವನ್ನು ನಾನು ಕಟ್ಟಿ ಹೇಳಿದ್ದಲ್ಲ, ಒಂದರ ಹಿಂದೆ ಒಂದು ತಾವಾಗಿಯೇ ಬಂದವು.

ಮರುದಿನ ಮಷಿನ್ ಹಿಡಿದು ಕೂತೆ. ಬಸವೇಶ್ವರಿಯ ಮದುವೆಗೆಂದು ತೆಗೆದಿಟ್ಟ ಭಾಂಡೆಗಳ ಮೇಲೆಲ್ಲ, ತಾಮ್ರದ ದೊಡ್ಡ ಹಂಡೆಯಿಂದ ಹಿಡಿದು ಉಪ್ಪಿನ ಬಟ್ಟಲ ತನಕ, "ಕೆಂಭಾವಿ ವಾಡೇದವರು" ಎಂದು ಕೊರೆದೆ. ಹಂಡೆಯ ಮೇಲಿನದಂತೂ ಓಣಿಯ ಆ ತುದಿಯಿಂದ ಓದಬಹುದಿತ್ತು. ಅದನ್ನು ಬಾಗಿಲ ಮುಂದೆ ಕಾಂತೇಶನ ಮನೆಯ ಕಡೆ ಮುಖ ಮಾಡಿ ಇಟ್ಟೆ.

ಗೊಲ್ಲಾಳಮ್ಮ ಬಂದು ನೋಡಿದಳು. "ವಾಡೆ ಯಾವಾಗ ಕಟ್ಟಸಿದ್ರಿ?" ಅಂದಳು.

"ನಿನಗ ತಿಳಿಯಂಗಿಲ್ಲ, ಸುಮ್ಕಿರು."

"ಬೀಗರಾಗೋರು ಐತವಾರ ಬರಾಕತ್ತಾರ. ಅವ್ರ ಮುಂದ ಬಾಯಿ ಬಿಡಬ್ಯಾಡ್ರಿ ಮತ್ತ."

ಬೀಗರಾಗುವವರು ಯಾದಗಿರಿಯ ಅಯ್ಯಪ್ಪ ಹತ್ತಿಕುಣಿ. ನಾರಾಯಣಪುರದ ಡ್ಯಾಮಿನಲ್ಲಿ ನೀರಾವರಿ ಇಲಾಖೆಯ ಕೆಲಸ ಮಾಡಿ ನಿವೃತ್ತರಾದವರು. ಗೇಟು ತೆಗೆದಿದೆ ಅಂದರೆ ನಂಬುವವರಲ್ಲ, ಹೋಗಿ ನೀರಿಗೆ ಕೈ ಹಾಕಿ ನೋಡುವವರು. ಅವರ ಮಗ ಮಹೇಶಕುಮಾರ ಬ್ಯಾಂಕಿನಲ್ಲಿದ್ದಾನೆ. ಹುಡುಗ ನಮ್ಮ ಹುಡುಗಿಯನ್ನು ಮೆಚ್ಚಿದ್ದ, ನಮ್ಮ ಹುಡುಗಿ ಹುಡುಗನನ್ನು ಅವನಿಗಿಂತ ಹೆಚ್ಚು ಮೆಚ್ಚಿದ್ದಳು. ಐತವಾರ ಬಂದರು, ಮಾತುಕತೆ ಮುಗಿಯಿತು, ಸಕ್ಕರೆ ಹಂಚಿ ಆಯಿತು. ಎದ್ದು ಹೊರಡುವಾಗ ಅಯ್ಯಪ್ಪನವರು ಹಂಡೆಯ ಮುಂದೆ ನಿಂತರು. ಚಾಳೀಸು ಹಾಕಿಕೊಂಡು ಓದಿದರು.

"ಯಾವ ವಾಡೆರಿ ಬೀಗರ?"

ಕೇಳಿದ ಮೇಲೆ ಸುಮ್ಮನಿರುವುದು ಹೇಗೆ? ಬಾಗಿಲ ಮೊಳೆ ಹೇಳಿದೆ, ಕುದುರೆ ಹೇಳಿದೆ. ಗೊಲ್ಲಾಳಮ್ಮ ಒಳಗಿನಿಂದ ಕೆಮ್ಮಿದಳು. ನನಗೆ ಕೆಮ್ಮು ಕೇಳಿಸಿತು, ಆದರೆ ಮಾತು ಮುಂದೆ ಹೋಗಿತ್ತು.

"ಆನಿನೂ ಇತ್ತೇನ್ರಿ?" ಅಯ್ಯಪ್ಪನವರು ಬಹಳ ಗಂಭೀರವಾಗಿ ಕೇಳಿದರು.

"ಇತ್ತಂತ್ರಿ. ಒಂದೇ ಇತ್ತಂತ."

ಆನೆಯ ಮಾತು ಎತ್ತಬೇಕೆಂದು ನನಗೆ ಇರಲಿಲ್ಲ. ಕೇಳಿದವರು ಅವರು. ಮನೆಗೆ ಬಂದ ಬೀಗರು ಬಾಯಿ ಬಿಟ್ಟು ಆನೆ ಕೇಳಿದಾಗ ಇಲ್ಲ ಅನ್ನುವುದು ಮರ್ಯಾದೆಯೇ?

"ಹಂಗಾರ ನೋಡೂಣು ನಡೀರಿ. ನಾಳೆ ಸ್ವಾಮಾರ ನನ್ನ ಓಮ್ನಿ ತರ್ತೀನಿ."

"ಈಗ ಹಾಳ ಬಿದ್ದದ್ರಿ ಅದು."

"ಹಾಳ ಬಿದ್ದದ್ದೇ ನೋಡೂಣ್ರಿ. ಪಾಯಾ ಆದ್ರೂ ಇರ್ತದಲ್ಲ. ಆನಿ ಕಟ್ಟಿದ ಮನಿ ಪಾಯಾ ಎಲ್ಲಿಗೆ ಹೋಗ್ತದ?" ಅಂದರು. ಚಪ್ಪಲಿ ಮೆಟ್ಟಿಕೊಳ್ಳುತ್ತ ಇನ್ನೊಂದು ಮಾತು ಸೇರಿಸಿದರು: "ನನಗ ವಾಡೆ ಬೇಕಂತಲ್ರಿ. ಗುಡಸಲಾದ್ರೂ ನಡೀತದ. ಆದ್ರ ಸುಳ್ಳು ಹೇಳೋ ಮನಿತನದಾಗ ನಾ ಸಂಬಂಧ ಮಾಡಂಗಿಲ್ಲ."

ಅವರು ಹೋದ ಮೇಲೆ ಗೊಲ್ಲಾಳಮ್ಮ ನನ್ನ ಮುಂದೆ ಬಂದು ನಿಂತಳು. "ಒಳಗ ಹುಡುಗಿ ಅಳಾಕತ್ತಾಳ. ಈ ಸಂಬಂಧ ತಪ್ಪಿತಂದ್ರ ನಿಮ್ಮನ್ನ ಅದೇ ಆನಿ ಮ್ಯಾಲ ಕೂಡ್ಸಿ ಊರ ಹೊರಗ ಕಳಸ್ತೀನಿ, ನೋಡ್ರಿ ಬೇಕಾರ!" ಅಂದಳು. ಸಿಟ್ಟು ಯಾರದು, ಹೆಸರು ಯಾರಿಗೆ!

ಸೋಮವಾರ ಕೆಂಭಾವಿಯಲ್ಲಿ ಸಂತೆ ತುಂಬಿತ್ತು. ಮೆಣಸಿನಕಾಯಿ ಘಾಟಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ನಾನು ಎದೆ ಸೆಟೆಸಿ ಒಬ್ಬ ಉಳ್ಳಾಗಡ್ಡಿಯವನ ಮುಂದೆ ಹೋಗಿ ನಿಂತೆ. "ಇಲ್ಲಿ ಕೆಂಭಾವಿಯವ್ರ ಮನಿ ಎಲ್ಲದಪ್ಪ?"

ಅವನು ತಕ್ಕಡಿ ಕೆಳಗಿಟ್ಟು ನನ್ನನ್ನು ನೋಡಿದ. "ಯಾವ ಕೆಂಭಾವಿಯವ್ರು?"

"ಕೆಂಭಾವಿಯವ್ರಪ್ಪ. ಕೆಂಭಾವಿ ಮನಿತನದವ್ರು."

"ನಾನೂ ಕೆಂಭಾವಿಯವ್ನೇ ಅದೀನಿ, ಉಳ್ಳಾಗಡ್ಡಿ ಬೇಕೇನು? ಏ, ಇಲ್ಲಿ ನೋಡ್ರಪ್ಪೋ, ಯಾರೋ ಕೆಂಭಾವಿಯವ್ರನ್ನ ಹುಡುಕ್ಯಾಡಾಕತ್ತಾರ ಕೆಂಭಾವಿಯಾಗ!"

ಸಂತೆಗೆ ಸಂತೆಯೇ ನಕ್ಕಿತು. ಬದನೆಕಾಯಿ ಬುಟ್ಟಿಯವಳು "ನಾನೂ ಕೆಂಭಾವಿಯಾಕಿ ಯಣ್ಣಾ" ಅಂದಳು. ಹಗ್ಗ ಮಾರುವವನು ತಾನೂ ಅಂದ. ಅಲ್ಲೇ ಕಟ್ಟಿಹಾಕಿದ್ದ ಒಂದು ಹೋತು ಕೂಗಿತು, ಅದೂ ಕೆಂಭಾವಿಯದೇ ಎಂದು ಯಾರೋ ಹೇಳಿದರು. ನನ್ನ ಮೈ ಉರಿದುಹೋಯಿತು. ಊರಿನ ಹೆಸರನ್ನು ಮೂರು ತಲೆಮಾರು ಹೊತ್ತು ತಿರುಗಿದವರು ನಾವು, ಅದಕ್ಕೊಂದು ನಮಸ್ಕಾರ ಬೇಡವೇ? ನಗಲು ಇವರಿಗೇನು ಹಕ್ಕು? ಅಯ್ಯಪ್ಪನವರು ಮಾತ್ರ ನಗಲಿಲ್ಲ. "ನಿಮ್ಮ ಮುತ್ಯಾನ ಹೆಸರ ಹೇಳಿ ಕೇಳ್ರಿ" ಅಂದರು.

ಮರಿಲಿಂಗಪ್ಪ, ಭಾಂಡೆ ವ್ಯಾಪಾರ ಅಂತ ಕೇಳಿದ ಮೇಲೆ ಒಬ್ಬರು ಶಂಕ್ರಮ್ಮನ ಮನೆ ತೋರಿಸಿದರು. ಊರಿಗೆಲ್ಲ ಹಿರಿಯಳಂತೆ. ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು. ನಾನು ಹೆಸರು ಹೇಳಿದೆನೋ ಇಲ್ಲವೋ, ಕುಟ್ಟುವುದು ನಿಲ್ಲಿಸಿ ನನ್ನ ಮೂಗನ್ನೇ ನೋಡಿದಳು.

"ಸುರಪುರದ ಮರಿಲಿಂಗಪ್ಪನ ಮೊಮ್ಮಗನೇನು ನೀ? ಅದೇ ಮೂಗು ನೋಡು. ಆ ಮೂಗಿನ ಮ್ಯಾಲೇ ಇರ್ತಿತ್ತು ಸಿಟ್ಟು."

"ಸುರಪುರದವ್ರಲ್ಲಬೇ ಯಮ್ಮಾ, ಕೆಂಭಾವಿಯವ್ರು ನಾವು!"

"ಕೆಂಭಾವಿಯಾಗ ಎಲ್ಲಾರೂ ಕೆಂಭಾವಿಯವ್ರೇ ಅಲ್ಲೇನೋ ತಮ್ಮಾ? ಹಂಗ ಕರದ್ರ ಯಾರ್ ಓ ಅನ್ಬೇಕು? ಹೊರಗಿಂದ ಬಂದವ್ರಿಗೆ ಅವ್ರು ಬಿಟ್ಟು ಬಂದ ಊರಿನ ಹೆಸರ್ಲೆ ಕರೀತಾರ. ನೀವು ಸುರಪುರ ಬಿಟ್ಟು ಬಂದ್ರಿ, ಸುರಪುರದವ್ರಾದ್ರಿ."

ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಅಯ್ಯಪ್ಪನವರ ಹಿರಿಯರು ಹತ್ತಿಕುಣಿ ಬಿಟ್ಟು ಯಾದಗಿರಿಗೆ ಬಂದ ಮೇಲೆಯೇ ಹತ್ತಿಕುಣಿಯವರಾದದ್ದು. ಬೇರೆಯವರ ಹೆಸರಿನಲ್ಲಿ ದಿನಾ ಕಾಣುವುದು ನಮ್ಮ ಹೆಸರಿನಲ್ಲಿ ಹೊಳೆದಿರಲಿಲ್ಲ, ಅಷ್ಟೇ.

"ಹಂಗಾರ ಅವ್ರ ವಾಡೆ ಎಲ್ಲಿತ್ತವ್ವಾ?" ಅಯ್ಯಪ್ಪನವರು ಕೇಳಿದರು.

ಶಂಕ್ರಮ್ಮ ಕೋಲೂರಿ ಎದ್ದು ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲೊಂದು ತಗಡಿನ ಕೊಟ್ಟಿಗೆ, ಒಳಗೊಂದು ಎಮ್ಮೆ. "ನಮ್ಮಪ್ಪ ಇದರಾಗ ಇರಾಕ ಕೊಟ್ಟಿದ್ದ. ಆಗ ತಗಡ ಇರಲಿಲ್ಲ, ಜ್ವಾಳದ ದಂಟಿನ ಮಾಡು ಇತ್ತು" ಅಂದಳು. ಅಯ್ಯಪ್ಪನವರು ಜೇಬಿನಿಂದ ಟೇಪು ತೆಗೆದು ಉದ್ದ ಅಗಲ ಹಿಡಿದರು. ಎಮ್ಮೆಯನ್ನು ಬಹಳ ಹೊತ್ತು ನೋಡಿದರು.

"ಆನಿ ಇದೇ ಏನ್ರಿ ಬೀಗರ?"

ಮರ್ಯಾದಸ್ಥರು ಇಂಥ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಶಂಕ್ರಮ್ಮನನ್ನೇ ಕೇಳಿದೆ: ಅಷ್ಟು ಸಿಟ್ಟು ಮಾಡಿಕೊಂಡು ನಮ್ಮ ಮುತ್ಯಾ ಊರು ಬಿಡುವಂಥದ್ದು ನೀವು ಏನು ಮಾಡಿದಿರಿ?

"ನಾವೇನ್ ಮಾಡೀವೋ ಯಪ್ಪಾ! ನಮ್ಮ ಅಕ್ಕನ ಲಗ್ನ ಇತ್ತು. ನಾ ಆಗ ಸಣ್ಣಾಕಿ. ನಿಮ್ಮ ಮುತ್ಯಾ ಬಂದಾವ್ನೇ ಮೊದಲ್ನೇ ಪಂಗತಿಗೆ ಕುಂತ. ಎಲಿ ಸಾಲಲಿಲ್ಲ. ನಮ್ಮಪ್ಪ, 'ಸುರಪುರದವ್ರು ಎರಡನೇ ಪಂಗತಿಗೆ ಕೂಡ್ರಲಿ, ಊರ ಮಂದಿದು ಮೊದಲಾಗ್ಲಿ' ಅಂದ. ಅಷ್ಟೇ ನೋಡು! ಎಲಿ ಮಡಚಿ ಎದ್ದ. ಗಾಡಿ ಹೂಡಿ ಭಾಂಡೆ ಎಲ್ಲಾ ಹೇರಿದ. ಮುತ್ಯಾನ ಹೆಂಡ್ತಿ ಕೈಯಾಗ ಅರ್ಧ ಹೋಳಿಗಿ ಇತ್ತು. ಅದನ್ನ ತಿನ್ನಾಕೂ ಬಿಡಲಿಲ್ಲ ಆ ಮನಷ್ಯಾ. ಅಳಕೋಂತ ಗಾಡಿ ಹತ್ತಿದ್ಲು."

"ಮತ್ತ ಅಂದ್ರ ಸಿಟ್ಟು ಬರಂಗಿಲ್ಲೇನು?" ನಾನು ಕೂಗಿದೆ. ನನ್ನ ಮುತ್ಯಾನ ಪರವಾಗಿ ಆ ಊರಿನಲ್ಲಿ ಮಾತಾಡುವವರು ಬೇರೆ ಯಾರಿದ್ದರು? ಎಮ್ಮೆ ಬೆದರಿ ಹಗ್ಗ ಜಗ್ಗಿತು.

"ನೋಡು, ಅದೇ ದನಿ" ಅಂದಳು ಶಂಕ್ರಮ್ಮ ಸಂತೋಷದಿಂದ.

ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆಂದು ನಾನು ಓಮ್ನಿ ಹತ್ತಿದೆ. ಆದರೆ ಅಯ್ಯಪ್ಪನವರು ಗಾಡಿಯನ್ನು ಸುರಪುರದ ರಸ್ತೆಗೆ ತಿರುಗಿಸಿದರು. "ಕಾಲುವಿ ಹಿಡದು ಹೊಂಟ ಮ್ಯಾಲ ನಡುವ ನಿಲ್ಲಬಾರದ್ರಿ. ಮೂಲ ನೋಡೇ ಬರೂಣು" ಅಂದರು. ಮೂವತ್ತು ವರ್ಷ ನೀರಿನ ಹಿಂದೆ ತಿರುಗಿದ ಮನುಷ್ಯ, ನನ್ನ ಹಿಂದೆ ಬಿಡುತ್ತಾರೆಯೇ!

ಸುರಪುರದ ಹಳೇ ಬಜಾರಿನಲ್ಲಿ ಒಂದು ಚಹಾದಂಗಡಿಯ ಮುಂದೆ ಬಾಷುಮಿಯಾ ಎಂಬ ಮುದುಕರು ಬೆಂಚಿನ ಮೇಲೆ ಕೂತಿದ್ದರು. ಅಯ್ಯಪ್ಪನವರು ನನ್ನನ್ನು ಮಾತಾಡಲು ಬಿಡದೆ ತಾವೇ ವಿಚಾರಿಸಿದರು: "ಭಾಂಡೆ ಮಾರೋ ಮನಿತನ ಒಂದಿತ್ತಂತ್ರಿ ಚಾಚಾ. ಕೆಂಭಾವಿಗೆ ಹೋದವ್ರು. ಭಾಳ ಸಿಟ್ಟಿನ ಮಂದಿ."

ಇದು ವಿಚಾರಿಸುವ ರೀತಿಯೇ? ಒಂದು ಮನೆತನವನ್ನು ಹುಡುಕುವಾಗ ಅದರ ದಾನಧರ್ಮ ಹೇಳಿ ಕೇಳಬೇಕು, ಸಿಟ್ಟು ಹೇಳಿ ಕೇಳುತ್ತಾರೆಯೇ? ಆದರೆ ಬಾಷುಮಿಯಾರ ಮುಖ ಅರಳಿತು.

"ಅರೆ! ಶಹಾಪುರದ ಭಾಂಡೇದವ್ರಲ್ಲೇನ್ರಿ! ನಮ್ಮ ದಾದಾ ಅವ್ರ ಕಿಸ್ಸಾ ಹೇಳಿ ಹೇಳಿ ನಗಿಸ್ತಿದ್ರು. ಇದೇ ಗಲ್ಲಿಯಾಗ ಸಾವುಕಾರ್ರ ಮನಿ ದಾವತ್ ಇತ್ತಂತ. ಭಾಂಡೇದವ್ರು ಬಂದು ಮೊದಲ್ನೇ ಪಂಗತಿಗೆ ಕುಂತ್ರಂತ. ಯಾರೋ ಅಂದ್ರು, 'ಶಹಾಪುರದವ್ರು ಜರಾ ಏಳ್ರಿ, ಎರಡನೇ ಪಂಗತಿಗೆ ಕೂಡ್ರಿ' ಅಂತ. ಖತಂ! ಎದ್ರು, ಗಾಡಿ ಹೂಡಿದ್ರು, ಹ್ವಾದ್ರು! ದಾವತ್ ಮುಗಿಯೂತನ ಅವ್ರ ಗಾಡಿ ಊರ ದಾಟಿತ್ತಂತ."

ಅಯ್ಯಪ್ಪನವರು ಬೆಂಚು ಬಡಿದು ನಗಲು ಶುರು ಮಾಡಿದರು. ನನಗೆ ಆ ನಗೆ ಕೇಳಿಸಲಿಲ್ಲ. ನನಗೆ ಕೇಳಿಸಿದ್ದು ಒಂದೇ ಮಾತು.

"ಏನಂದ್ರಿ ಚಾಚಾ? ಎಲ್ಲಿಯವ್ರು ಅಂದ್ರಿ?"

"ಶಹಾಪುರದವ್ರು. ಶಹಾಪುರ ಬಿಟ್ಟು ಇಲ್ಲಿಗೆ ಬಂದವ್ರು. ಅಲ್ಲಿ ಯಾಕ ಬಿಟ್ರೋ ನಮಗ ಮಾಲೂಮ್ ಇಲ್ರಿ. ಅಲ್ಲೂ ಊಟದ್ದೇ ಇರಬೇಕು."

ಶಹಾಪುರದವರು! ನಾವು! ಮೂಲದಿಂದಲೇ! ಕಾಂತೇಶನ ಮನೆಯ ಗೋಡೆಗೆ ಕಲ್ಲು ಹೊರುವ ಮೊದಲೇ ನಾವು ಅಲ್ಲಿದ್ದವರು, ಸುತ್ತಿ ಬಳಸಿ ನಮ್ಮ ಊರಿಗೆ ನಾವು ವಾಪಸು ಬಂದವರು, ನಮ್ಮ ಕೈಯಿಂದ ಕಾಯಿ ಕಿತ್ತುಕೊಂಡನಲ್ಲ! ನಾನು ಬಾಷುಮಿಯಾರನ್ನು ಅಪ್ಪಿಕೊಂಡೆ. ಅವರ ಚಹಾ ನನ್ನ ಅಂಗಿಯ ಮೇಲೆ ಚೆಲ್ಲಿತು. ಆಗಲೇ ನೋಡಿದ್ದು, ಅಯ್ಯಪ್ಪನವರ ನಗು ನಿಂತಿತ್ತು.

ಅವರು ಓಮ್ನಿಯನ್ನು ಶಹಾಪುರದ ದಾರಿಗೆ ತಿರುಗಿಸಿದರು. ನಮ್ಮೂರ ಗುಡ್ಡ ಕಂಡಮೇಲೆ ಬದಿಗೆ ನಿಲ್ಲಿಸಿದರು.

"ಬೀಗರ, ವಾಡೆ ಸುಳ್ಳಂತ ಆತು. ಖರೆ ನಿಮಗೂ ಗೊತ್ತಿರಲಿಲ್ಲ, ಅದನ್ನ ಬಿಟ್ಟೆ. ಈಗ ನನಗ ಬ್ಯಾರೇದೇ ಅಂಜಿಕಿ ಹತ್ಯಾದ. ನಿಮ್ಮ ಮನಿತನದಾಗ ಒಂದ ಮಾತ ಅಂದ್ರ ಎಲಿ ಬಿಟ್ಟು ಎದ್ದು ಹೋಗೋ ರೂಢಿ ಅದ. ಮುತ್ಯಾ ಹ್ವಾದ, ಮುತ್ಯಾನ ಅಪ್ಪ ಹ್ವಾದ. ನಾಳೆ ನಮ್ಮ ಮನಿಯಾಗ ನನ್ನ ಹೆಂಡತಿ ಒಂದ ಮಾತ ಅಂದ್ಲು, ನಿಮ್ಮ ಮಗಳೂ ಗಂಟ ಕಟ್ಟಿದ್ಲು ಅಂದ್ರ, ನನ್ನ ಮಗಾ ಏನ್ ಮಾಡಬೇಕು?"

"ಏನ್ ಮಾತಾಡ್ತೀರಿ? ನಾವು ಸಿಟ್ಟಿನ ಮಂದಿ ಅಲ್ರಿ!" ಎಂದು ನಾನು ಕಿರುಚಿದೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಸೈಕಲ್ಲಿನವನು ಇಳಿದು ನೋಡಿದ.

"ಹಂಗಾರ ಒಂದ ಷರತ್ತು. ಲಗ್ನದ ಹಿಂದಿನ ದಿನ ಯಾದಗಿರಿಯಾಗ ನಮ್ಮಲ್ಲಿ ಅರಿಷಿಣದ ಊಟ ಇರ್ತದ. ಯಾರು ಏನೇ ಅನ್ಲಿ, ಊಟ ಮುಗಿಯೋ ತನಕ ನೀವು ಸಿಟ್ಟಾಗಿ ಹೋಗಬಾರದು. ಹ್ವಾದ್ರ, ಮರುದಿನ ಅಕ್ಷತಿ ಬೀಳಂಗಿಲ್ಲ."

ಒಪ್ಪಿಕೊಂಡೆ. ಒಪ್ಪಿಕೊಳ್ಳದೆ ಏನು ಮಾಡುವುದು? ಆದರೆ ಇಷ್ಟು ವಯಸ್ಸಾದವನಿಗೆ ಊಟದ ಪರೀಕ್ಷೆ ಇಡುವುದು ಎಂಥ ಮಾತು ಎಂದು ಇವತ್ತಿಗೂ ನನಗೆ ಅನ್ನಿಸುತ್ತದೆ.

ಊರು ಮುಟ್ಟಿದವನೇ ಮನೆಗೂ ಹೋಗದೆ ಕಾಂತೇಶನ ಬಾಗಿಲು ಬಡಿದೆ. ನಡೆದದ್ದೆಲ್ಲ ಹೇಳಿದೆ. ಎಮ್ಮೆಯನ್ನು ಬಿಟ್ಟು. "ಇನ್ನ ಮ್ಯಾಲ ನಾವು ಲಿಂಗಣ್ಣ ಶಹಾಪುರ. ತಿಳೀತಿಲ್ಲೋ? ಅಂಗಡಿ ಬೋರ್ಡೂ ಬದಲ ಮಾಡ್ತೀನಿ."

ಕಾಂತೇಶ ಬನಿಯನ್ನಿನಲ್ಲೇ ಹೊರಗೆ ಬಂದು ಹಲ್ಲುಕಡ್ಡಿ ತೆಗೆದ. "ಶಹಾಪುರದಾಗ ಶಹಾಪುರ ಅಂತ ಯಾರ್ ಕರೀತಾರ್ರಿ? ಇಲ್ಲಿ ಎಲ್ಲಾರೂ ಶಹಾಪುರದವ್ರೇ. ಅಂಚೀಯವ ನಗ್ತಾನ. ನೀವು ಕೆಂಭಾವಿಯವ್ರು, ಕೆಂಭಾವಿಯವ್ರಾಗೇ ಇರ್ರಿ. ಊಟಾ ಆತೇನು?"

ಇದಕ್ಕಿಂತ ಅನ್ಯಾಯ ಇನ್ನೊಂದಿದೆಯೇ? ಕೆಂಭಾವಿಗೆ ಹೋದರೆ ಸುರಪುರದವರು. ಸುರಪುರಕ್ಕೆ ಹೋದರೆ ಶಹಾಪುರದವರು. ಶಹಾಪುರಕ್ಕೆ ಬಂದರೆ ಕೆಂಭಾವಿಯವರು! ಯಾವ ಊರಿನಲ್ಲಿ ನಿಂತರೂ ಇನ್ನೊಂದು ಊರಿನವರು! ಭಾಂಡೆಗಳ ಮೇಲೆಲ್ಲ ಕೊರೆದಿದ್ದ "ಕೆಂಭಾವಿ ವಾಡೇದವರು" ಎಂಬುದನ್ನು ತಿಕ್ಕಿ ತಿಕ್ಕಿ ಅಳಿಸಿದೆ. ಹಂಡೆಯ ತಾಮ್ರದ ಮೇಲೊಂದು ಬಿಳಿಚಿಕೊಂಡ ಮಚ್ಚೆ ಉಳಿಯಿತು. ಅಲ್ಲಿ ಏನು ಬರೆಯಬೇಕೆಂದು ತಿಳಿಯದೆ ಹಾಗೇ ಬಿಟ್ಟೆ.

ಅರಿಷಿಣದ ದಿನ ಬಂತು. ನಾವು ಕ್ರೂಸರ್ ಗಾಡಿಯಲ್ಲಿ ಭಾಂಡೆ ಹೇರಿಕೊಂಡು, ಓಣಿಯವರನ್ನು ಕೂಡಿಸಿಕೊಂಡು, ಭೀಮಾ ಹೊಳೆ ದಾಟಿ ಯಾದಗಿರಿಗೆ ಹೋದೆವು. ಕಾಂತೇಶನೂ ಬಂದಿದ್ದ. ಕರೆಯದಿದ್ದರೆ ಎದುರು ಮನೆಯವನು ಏನಂದಾನು? ಈಗೆಲ್ಲ ಪ್ಲೇಟು ಹಿಡಿದು ನಿಂತು ತಿನ್ನುವ ಕಾಲ. ಆದರೆ ಅಯ್ಯಪ್ಪನವರು ನೆಲದ ಮೇಲೆ ಎಲೆ ಹಾಕಿಸಿ ಪಂಕ್ತಿಯನ್ನೇ ಮಾಡಿಸಿದ್ದರು. ಬೇಕೆಂದೇ ಮಾಡಿಸಿದ್ದರು ಎಂದು ನನ್ನ ಗುಮಾನಿ.

ದಾರಿಯುದ್ದಕ್ಕೂ ಗೊಲ್ಲಾಳಮ್ಮ ನನ್ನ ಕಿವಿ ತಿಂದಿದ್ದಳು. ನಾನು ಮೊದಲನೇ ಪಂಕ್ತಿಗೆ ಹೋಗಿ ಕೂತೆ, ಪಕ್ಕದಲ್ಲಿ ಕಾಂತೇಶ, ಅವನ ಆಚೆ ನಮ್ಮ ಓಣಿಯವರು. ಎಲೆಗೆ ನೀರು ಚಿಮುಕಿಸಿ ಆಯಿತು. ಉಪ್ಪು ಬಂತು, ಶೇಂಗಾ ಹಿಂಡಿ ಬಂತು, ಎಣ್ಣೆಗಾಯಿ ಬಂತು. ಹೋಳಿಗೆಯ ಬುಟ್ಟಿ ಆ ತುದಿಯಿಂದ ಹೊರಟಿತು. ಹಿಂದೆಯೇ ತುಪ್ಪದ ತಂಬಿಗೆ. ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲವಾಯಿತು. ಊರ ಹಿರಿಯರು ಒಟ್ಟಿಗೆ ಬಂದುಬಿಟ್ಟಿದ್ದರು, ಕೂರಲು ಎಲೆ ಇರಲಿಲ್ಲ. ಬಡಿಸುವವರ ಮುಂದಾಳು ಯಂಕಣ್ಣ ಎಂಬುವನು, ನನ್ನ ಕಂಡವನಲ್ಲ, ನಾನು ಅವನನ್ನು ಕಂಡವನಲ್ಲ, ಸೌಟು ಎತ್ತಿ ಕೂಗಿದ:

"ಏ, ಶಹಾಪುರದವ್ರು ಏಳ್ರಿ! ಎರಡನೇ ಪಂಗತಿಗೆ ಕೂಡ್ರೀರಂತ! ಊರ ಮಂದಿದು ಮೊದಲಾಗ್ಲಿ!"

ನಾನು ಎದ್ದುಬಿಟ್ಟೆ. ಏಳಬೇಕೆಂದು ಎದ್ದದ್ದಲ್ಲ, ಕಾಲುಗಳೇ ಎದ್ದವು. ಗೊಲ್ಲಾಳಮ್ಮ ಹೆಂಗಸರ ಸಾಲಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಯ್ಯಪ್ಪನವರು ಹಪ್ಪಳದ ಬುಟ್ಟಿ ಹಿಡಿದವರು ಹಾಗೇ ನಿಂತರು, ಬಣ್ಣ ಹೋದ ಮುಖದಲ್ಲಿ. ಒಳಕೋಣೆಯ ಬಾಗಿಲಿಗೆ ಬಸವೇಶ್ವರಿ ಬಂದಿದ್ದಳು. ಮುಖ, ಕೈ, ಕತ್ತು, ಎಲ್ಲ ಅರಿಷಿಣ. "ಅಪ್ಪಾ" ಅಂದಳು.

ನನ್ನ ಬಾಯಲ್ಲಿ ಮಾತು ಸಿದ್ಧವಾಗಿತ್ತು, ಮುತ್ಯಾ ಆಡಿದ್ದೇ ಇರಬೇಕು, ಮುತ್ಯಾನ ಅಪ್ಪ ಆಡಿದ್ದೇ ಇರಬೇಕು. ಅದು ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಯಂಕಣ್ಣ ಕೂಗಿದ್ದು ನನ್ನ ಕಿವಿಗೆ ಎರಡನೇ ಸಲ ಮುಟ್ಟಿತು. ಏನಂದ ಅವನು? ಕೆಂಭಾವಿಯವರು ಅನ್ನಲಿಲ್ಲ.

"ಏನಂದಿ ತಮ್ಮಾ? ಯಾರ್ ಏಳ್ಬೇಕಂದಿ? ಇನ್ನೊಮ್ಮೆ ಹೇಳು" ಅಂದೆ.

ಯಂಕಣ್ಣ ಹೆದರಿದ. "ಶಹಾಪುರದವ್ರ್ರಿ" ಅಂದ ಮೆಲ್ಲಗೆ.

"ಜೋರಲೆ ಹೇಳು!"

"ಶಹಾಪುರದವ್ರು!"

ಅಷ್ಟರಲ್ಲಿ ನನ್ನ ಪಕ್ಕದಿಂದ ಸಿಡಿಲು ಹೊಡೆದ ಹಾಗೆ ಒಂದು ದನಿ ಎದ್ದಿತು. "ನಾ ಯಾಕ ಏಳಬೇಕು? ನಾ ಯಾರಂತ ತಿಳಿದೀಯೋ ಮಗನ? ಶಹಾಪುರದಾಗ ನಮ್ಮ ಮನಿತನ ಕೇಳು ಹೋಗು! ಎರಡನೇ ಪಂಗತಿಯಂತ! ನಡೀರ್ಯೋ, ಎಲ್ಲಾರೂ ಏಳ್ರಿ, ಕ್ರೂಸರ್ ತಗಸ್ರಿ!"

ಕಾಂತೇಶ! ಎಲೆ ಮಡಚಿ, ಪಂಚೆ ಕೊಡವಿ, ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದಾನೆ! ಅವನನ್ನು ನೋಡಿ ಓಣಿಯವರೂ ಒಬ್ಬೊಬ್ಬರಾಗಿ ಏಳುತ್ತಿದ್ದಾರೆ. ನನ್ನ ಮಗಳ ಮದುವೆ ಕಾಂತೇಶನ ಕಾಲಿನಲ್ಲಿ ಬಾಗಿಲ ಕಡೆ ಹೊರಟಿತ್ತು. ನಾನು ಅವನ ರಟ್ಟೆ ಹಿಡಿದೆ.

"ಕಾಂತೇಶ, ಕೂಡ್ರೋ."

"ಬಿಡ್ರಿ ಕೈ! ನಾ ಊರ ಮೂಲದವ!"

"ಅದು ನಮ್ಮೂರಾಗಪ್ಪ. ಇಲ್ಲಿ ನಾವು ಹೊರಗಿನವ್ರು. ನಾನೂ, ನೀನೂ. ಬ್ಯಾಸರ ಮಾಡ್ಕೋಬ್ಯಾಡ."

ಕಾಂತೇಶ ನನ್ನ ಮುಖವನ್ನೇ ನೋಡಿದ. ನಳದ ಮುಂದಿನ ಮಾತು ಅವನಿಗೆ ನೆನಪಾಯಿತೋ ಇಲ್ಲವೋ ಗೊತ್ತಿಲ್ಲ, ನೆನಪಾಗಲಿ ಎಂದೇ ನಾನು ಹೇಳಿದ್ದು. ಅವನ ಕೈ ಬಿಡದೆ ಎಳೆದುಕೊಂಡು ಹೋಗಿ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂಡಿಸಿದೆ, ನಾನೂ ಒತ್ತಿಕೊಂಡು ಕೂತೆ. "ಶಹಾಪುರದವ್ರೆಲ್ಲಾ ಈ ಕಡೆ ಬರ್ರಿ! ನಾವು ಎರಡನೇ ಪಂಗತಿ!" ಎಂದು ನಾನೇ ಕೂಗಿದೆ. ನಮ್ಮ ಹಿರಿಯರು ಎರಡೂರಿನಲ್ಲಿ ಒಲ್ಲೆನೆಂದು ಬಿಟ್ಟು ಹೋದ ಜಾಗ ಅದು, ನಾನು ಗಟ್ಟಿಯಾಗಿ ಕೂತೆ. ಬಸವೇಶ್ವರಿ ಬಾಗಿಲಲ್ಲಿ ನಗುತ್ತ ಅಳುತ್ತಿದ್ದಳು. ಅರಿಷಿಣವೆಲ್ಲ ಗೆರೆ ಗೆರೆಯಾಗಿ ಇಳಿಯುತ್ತಿತ್ತು. ಅಯ್ಯಪ್ಪನವರು ಹಪ್ಪಳದ ಬುಟ್ಟಿಯನ್ನು ಯಾರದೋ ಕೈಗೆ ಕೊಟ್ಟು ಬಂದು, ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತರು.

ಎರಡನೇ ಪಂಕ್ತಿಗೆ ಬರುವಷ್ಟರಲ್ಲಿ ತುಪ್ಪ ಮುಗಿದಿತ್ತು. ಇದನ್ನು ನಾನು ಬೀಗರಿಗೆ ಇನ್ನೂ ಹೇಳಿಲ್ಲ, ಆದರೆ ಬಿಡುವುದಿಲ್ಲ.

ಮರುದಿನ ಅಕ್ಷತೆ ಬಿತ್ತು. ಸಂಜೆ ಬೀಗರ ಮನೆಯ ಅಂಗಳದಲ್ಲಿ ನಾನು ಕುರ್ಚಿ ಹಾಕಿಕೊಂಡು ಕೂತಿದ್ದೆ. ಒಳಗೆ ಹೆಂಗಸರು ಭಾಂಡೆ ಜೋಡಿಸುತ್ತಿದ್ದರು. "ಆ ಶಹಾಪುರದ ಹಂಡೆ ಬಚ್ಚಲಕ್ಕ ಒಯ್ಯಿರೆವ್ವಾ" ಎಂದು ಯಾರೋ ಅಂದರು. ಅದರ ಮೇಲೆ ಮಚ್ಚೆಯಲ್ಲದೆ ಏನೂ ಇರಲಿಲ್ಲ, ಆದರೂ ಅಂದರು. ಆಮೇಲೆ ಬಸವೇಶ್ವರಿಯ ಅತ್ತೆಯ ದನಿ ಕೇಳಿತು: "ಶಹಾಪುರದಾಕಿ ಎಲ್ಲದಾಳ? ಬಾರವ್ವಾ ಶಹಾಪುರದಾಕಿ, ದೀಪಾ ಹಚ್ಚು."

"ಬಂದೆರಿ ಅತ್ತಿ" ಅಂದಳು ನನ್ನ ಮಗಳು. ಎಷ್ಟೋ ವರ್ಷದಿಂದ ಆ ಹೆಸರು ಅವಳದೇ ಇದ್ದ ಹಾಗೆ ಓಗೊಟ್ಟಳು.

ನನಗೆ ಸಿಟ್ಟು ಬಂತು. ನಾನು ಅಷ್ಟು ಊರು ತಿರುಗಿ, ಅಷ್ಟು ಮಂದಿಯ ಕೈಯಲ್ಲಿ ನಗಿಸಿಕೊಂಡು, ಕೇಳಿ ಕೇಳಿ ಸಿಗದ ಹೆಸರು ಇವಳಿಗೆ ಹೊಸ್ತಿಲು ದಾಟಿದ್ದೇ ಸಿಕ್ಕಿತು. ಹೊಸ್ತಿಲು ದಾಟಿದ್ದಕ್ಕೇ ಸಿಕ್ಕಿತು. ಬಸವೇಶ್ವರಿ ಅಂತ ನಾನಿಟ್ಟ ಹೆಸರನ್ನು ಆ ಮನೆಯಲ್ಲಿ ಒಬ್ಬರೂ ಕರೆಯಲಿಲ್ಲ.

ಹೊರಗೆ ಕ್ರೂಸರು ಹಾರ್ನ್ ಹೊಡೆಯಿತು. ಓಣಿಯವರೆಲ್ಲ ಹತ್ತಿ ಆಗಿತ್ತು, ಕಾಂತೇಶ ಕಿಟಕಿಯಿಂದ ಕೈ ಮಾಡುತ್ತಿದ್ದ. ಮಾತಿಗೊಮ್ಮೆ ಎದ್ದು ಹೋದವರ ವಂಶದವನು ನಾನು. ಆ ಕುರ್ಚಿಯಿಂದ ನನಗೆ ಏಳಲಾಗಲಿಲ್ಲ. ಕೊನೆಗೆ ಗೊಲ್ಲಾಳಮ್ಮ ಬಂದು, "ಏಳ್ರಿ, ಹೋಗೂಣು" ಎಂದು ರಟ್ಟೆ ಹಿಡಿದು ಎಬ್ಬಿಸಿದಳು.